ಮೋರಿಗೆ ಹೋದ ಮಾತ್ರೆಗಳು

ಒಲೆಯ ಮುಂದೆ ನಿಂತವನ ಮೈಮೇಲೆ ಅಂಗಿ ಇರಬಾರದು ಎಂಬುದು ನಮ್ಮ ಮನೆಯ ಹಳೆಯ ಕಟ್ಟಳೆ. ಪಂಚೆ, ಹೆಗಲಿಗೆ ಬೆವರೊರೆಸಲು ಒಂದು ಪಾಣಿಪಂಚೆ, ಅಷ್ಟೇ. ಯಲಹಂಕದ ಹಳೆಯ ಊರಿನಲ್ಲಿ ನಮ್ಮದು ಮೂರು ತಲೆಮಾರಿನಿಂದ ಮದುವೆ, ಮುಂಜಿಗಳಿಗೆ ಅಡುಗೆ ಮಾಡಿಕೊಂಡು ಬಂದ ಮನೆ. ದೇವರಿಗೆ ನೈವೇದ್ಯ ಆಗುವ ತನಕ ನಾಲಿಗೆಗೆ ಏನನ್ನೂ ಮುಟ್ಟಿಸುವಂತಿಲ್ಲ. ಐನೂರು ಎಲೆಯ ಹುಳಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂದು ಕುದಿಯುವ ಹಬೆಗೆ ಮೂಗು ಒಡ್ಡಿ ಹೇಳಬೇಕು. ನಾನು ಹೇಳುತ್ತೇನೆ, ತಪ್ಪಿದ್ದು ಕಡಿಮೆ. ಹೊಗಳಿಕೊಳ್ಳುತ್ತಿದ್ದೇನೆ ಎಂದರೆ ಹೌದು, ಹೊಗಳಿಕೊಳ್ಳುತ್ತಿದ್ದೇನೆ. ಮುಂದೆ ಹೇಳಬೇಕಾದದ್ದರಲ್ಲಿ ಹೊಗಳಿಕೊಳ್ಳುವಂಥದ್ದು ಏನೂ ಇಲ್ಲ.

ನನಗೂ ಮೊದಲು ಸೌಟು ಹಿಡಿದಿದ್ದವನು ನಮ್ಮಣ್ಣ. ಅವನಿಗೆ ಬಿಪಿ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಯಾರಾದರೂ ಕೇಳಿದರೆ, "ಬೆಂಕಿ ಮುಂದೆ ನಿಂತೋರಿಗೆಲ್ಲ ಇರತ್ತೆ ಕಣೋ, ಅದೇನ್ ದೊಡ್ಡ ವಿಷಯ" ಎನ್ನುತ್ತಿದ್ದ. ಐವತ್ತೊಂದನೆಯ ವಯಸ್ಸಿನಲ್ಲಿ ಹುಣಸಮಾರನಹಳ್ಳಿಯ ಒಂದು ಮಂಟಪದಲ್ಲಿ ಮದುವೆಯ ಬೆಳಗ್ಗೆ ಹುಳಿ ತಿರುವುತ್ತಿದ್ದಾಗ ಅವನ ಬಲಗೈ ಸೌಟನ್ನು ಬಿಟ್ಟುಬಿಟ್ಟಿತು. ಬಿಟ್ಟಿದ್ದು ಅವನಿಗೇ ತಿಳಿದಿರಲಿಲ್ಲ. ಖಾಲಿ ಕೈಯನ್ನೇ ಕೊಪ್ಪರಿಗೆಯ ಮೇಲೆ ಎರಡು ಸುತ್ತು ತಿರುಗಿಸಿದ. ಆಮೇಲೆ ಬಾಯಿ ಒಂದು ಕಡೆಗೆ ಎಳೆಯಿತು. ಅವತ್ತಿನಿಂದ ಅವನ ಬಲಗೈ, ಬಲಗಾಲು ಅವನ ಮಾತು ಕೇಳುವುದಿಲ್ಲ. ಅತ್ತಿಗೆ ಮೊದಲೇ ತೀರಿಕೊಂಡಿದ್ದರು, ಮಕ್ಕಳಿಲ್ಲ. ಅವನು ನಮ್ಮ ಜೊತೆಗೇ ಇದ್ದಾನೆ. ಸ್ನಾನ ಮಾಡಿಸುವುದು ನಾನು, ಊಟ ಮಾತ್ರೆ ನೋಡಿಕೊಳ್ಳುವುದು ನನ್ನ ಹೆಂಡತಿ.

ಆ ಖಾಲಿ ಕೈ ತಿರುಗಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಅದಾದ ಮೇಲೆ ಬೆಳಗ್ಗೆ ಏಳುವಾಗ ಬಲಗೈ ಮುಷ್ಟಿ ಕಟ್ಟಿ ಬಿಚ್ಚಿ ನೋಡುವುದು ನನಗೆ ಅಭ್ಯಾಸವಾಯಿತು. ಕನ್ನಡಿಯ ಮುಂದೆ ಹಲ್ಲು ಕಿರಿದು ಬಾಯಿ ನೆಟ್ಟಗಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಕುಕ್ಕರುಗಾಲಿನಲ್ಲಿ ಕೂತು ತರಕಾರಿ ಹೆಚ್ಚುವಾಗ ಕಾಲು ಜೋಮು ಹಿಡಿದರೂ ಎದೆ ಧಸಕ್ಕೆನ್ನುತ್ತಿತ್ತು. ಬೇಕಾದ ಹೆಸರೊಂದು ತಟ್ಟನೆ ನೆನಪಾಗದಿದ್ದರೆ ಬಂತಲ್ಲಪ್ಪ ಎಂದು ಬೆವರುತ್ತಿದ್ದೆ.

ನಲವತ್ತೈದು ದಾಟುವಷ್ಟರಲ್ಲಿ ನನ್ನ ಬಿಪಿಯೂ ಏರಿತು. ಮೂರು ಬಗೆಯ ಮಾತ್ರೆ ಕೊಟ್ಟರೂ ಇಳಿಯಲಿಲ್ಲ. ಜೊತೆಗೆ ಕಾಲಿನಲ್ಲಿ ಬಲವೇ ಇಲ್ಲ, ತುಂಬಿದ ಕೊಪ್ಪರಿಗೆಯ ಕಡೆ ಕೈ ಹಾಕಿದರೆ ತೋಳು ನಡುಗುತ್ತಿತ್ತು. ಆರ್.ಟಿ. ನಗರದ ನಮ್ಮ ಡಾಕ್ಟರು ರಕ್ತ ನೋಡಿ, ಪೊಟ್ಯಾಸಿಯಂ ತೀರಾ ಕಡಿಮೆ ಇದೆ, ಇದು ಸಾದಾ ಬಿಪಿ ಅಲ್ಲ ಎಂದು ಹೆಬ್ಬಾಳದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿದ್ದದ್ದು ಒಬ್ಬ ಡಾಕ್ಟರಮ್ಮ. ನನಗಿಂತ ಚಿಕ್ಕವರು, ಮಾತು ಮೆಲ್ಲಗೆ, ಅವಸರವಿಲ್ಲ. ಹತ್ತಾರು ಪರೀಕ್ಷೆಗಳಾದ ಮೇಲೆ ನನ್ನನ್ನೂ ಹೆಂಡತಿಯನ್ನೂ ಎದುರು ಕೂರಿಸಿಕೊಂಡು ಹೇಳಿದರು.

"ಕಿಡ್ನಿ ಮೇಲೆ ಟೋಪಿ ಥರ ಒಂದೊಂದು ಗ್ರಂಥಿ ಇರತ್ತೆ. ಅದು ಆಲ್ಡೋಸ್ಟೆರಾನ್ ಅನ್ನೋ ಹಾರ್ಮೋನ್ ತಯಾರು ಮಾಡತ್ತೆ. ನಿಮ್ಮಲ್ಲಿ ಎರಡೂ ಬೇಕಾದ್ದಕ್ಕಿಂತ ಜಾಸ್ತಿ ಮಾಡ್ತಿವೆ. ಉಪ್ಪನ್ನ ಮೈಯಲ್ಲೇ ಹಿಡ್ಕೊಳತ್ತೆ, ಪೊಟ್ಯಾಸಿಯಂನ ಆಚೆ ಕಳಿಸತ್ತೆ. ಒಂದೇ ಕಡೆ ಇದ್ದಿದ್ರೆ ಆಪರೇಷನ್ ಮಾಡ್ಬಹುದಿತ್ತು. ಎರಡೂ ಕಡೆ ಇರೋದ್ರಿಂದ ಮಾತ್ರೆನೇ ದಾರಿ."

"ಮಾತ್ರೆ ತಗೊಂಡ್ರೆ ಅದು ತಯಾರಾಗೋದು ನಿಲ್ಲತ್ತಾ?" ಎಂದು ಹೆಂಡತಿ ಕೇಳಿದಳು.

"ಇಲ್ಲಮ್ಮ. ಹಾರ್ಮೋನ್ ಹೋಗಿ ಕೂತ್ಕೊಳ್ಳೋ ಜಾಗ ಇರತ್ತಲ್ಲ, ಅಲ್ಲಿ ಮಾತ್ರೆ ಮೊದಲೇ ಹೋಗಿ ಕೂತ್ಬಿಡತ್ತೆ."

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಪಂಕ್ತಿಯಲ್ಲಿ ಎಲೆ ಹಾಕುವ ಮೊದಲೇ ಬಂದು ಕೂತವನನ್ನು ಯಾರೂ ಎಬ್ಬಿಸುವಂತಿಲ್ಲ. ಆಮೇಲೆ ಬಂದವನು ಎಷ್ಟೇ ದೊಡ್ಡ ಮನುಷ್ಯನಾದರೂ ನಿಂತುಕೊಂಡೇ ಇರಬೇಕು.

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಬಿಪಿ ಯಂತ್ರದಲ್ಲಿ ಬರುವ ನಂಬರು ಒಂದು, ರಕ್ತನಾಳದ ಗೋಡೆಯ ಸ್ಥಿತಿ ಇನ್ನೊಂದು. ಈ ಹಾರ್ಮೋನು ನೇರವಾಗಿ ಆ ಗೋಡೆಗೇ ಕೈ ಹಾಕುತ್ತದೆ, ಅದನ್ನು ಗಡುಸು ಮಾಡುತ್ತದೆ. ಬೇರೆ ಮಾತ್ರೆಯಿಂದ ನಂಬರು ಇಳಿದರೂ ಒಳಗಿನ ಕೆಲಸ ಅದರ ಪಾಡಿಗೆ ನಡೆದೇ ಇರುತ್ತದೆ. ಅದನ್ನು ತಡೆಯಲಿಕ್ಕೇ ಈ ಮಾತ್ರೆ. ಗೋಡೆ ಈಗ ಹೇಗಿದೆ ಎಂದು ನೋಡೋಣ, ವರ್ಷ ಬಿಟ್ಟು ಮತ್ತೆ ನೋಡೋಣ ಎಂದರು.

ಆ ಪರೀಕ್ಷೆಯಲ್ಲಿ ಸೂಜಿ ಇಲ್ಲ, ರಕ್ತ ಇಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಮಲಗಿಸಿ, ಮೊಣಕೈ ಕೆಳಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬುತ್ತಾರೆ. ಕೈಗೆ ರಕ್ತ ಹೋಗದಷ್ಟು ಬಿಗಿ, ಐದು ನಿಮಿಷ. ಮೇಲ್ತೋಳಿನ ಮೇಲೆ ಬಸುರಿಯರ ಹೊಟ್ಟೆಗೆ ಇಡುವಂಥ ಸ್ಕ್ಯಾನಿನ ಕಡ್ಡಿ. ಪಟ್ಟಿ ಬಿಟ್ಟ ಕೂಡಲೇ ರಕ್ತ ನುಗ್ಗುತ್ತದೆ. ಆರೋಗ್ಯವಾದ ನಾಳ ಅದಕ್ಕೆ ಜಾಗ ಕೊಟ್ಟು ಹಿಗ್ಗಬೇಕು. ನನ್ನದು ಹಿಗ್ಗಿದೆ ಎನ್ನಲಿಕ್ಕೂ ಆಗದಷ್ಟು ಸ್ವಲ್ಪ ಹಿಗ್ಗಿತು. ಹಳೆಯ ಕುಕ್ಕರಿನ ಗ್ಯಾಸ್ಕೆಟ್ ಎಳೆದು ನೋಡಿದರೆ ಹಾಗೇ ಗಟ್ಟಿಯಾಗಿ ಕೂರುತ್ತದಲ್ಲ, ಹಾಗೆ.

"ನಿಮ್ಮ ವಯಸ್ಸಿಗೆ ಇದು ಜಾಸ್ತಿನೇ ಗಡುಸಾಗಿದೆ. ಆದ್ರೆ ಮಾತ್ರೆ ತಪ್ಪಿಸದೆ ತಗೊಂಡ್ರೆ ಸುಧಾರಿಸೋ ಸಾಧ್ಯತೆ ಇದೆ," ಎಂದರು. ಚೀಟಿ ಬರೆಯುತ್ತಾ, "ಗಂಡಸರಲ್ಲಿ ಕೆಲವರಿಗೆ ಇದರಿಂದ ಎದೆ ಹತ್ರ ಊತ, ನೋವು ಬರಬಹುದು. ಬಂದ್ರೆ ನಂಗೆ ಹೇಳಿ" ಎಂದೂ ಹೇಳಿದರು. ಹೆಂಡತಿ ಪಕ್ಕದಲ್ಲೇ ಇದ್ದಳು. ನನಗೆ ನಾಚಿಕೆಯಾಗಿ ಗೋಡೆಯ ಕ್ಯಾಲೆಂಡರ್ ನೋಡಿದೆ.

ಇದು ಒಡಹುಟ್ಟಿದವರಲ್ಲೂ ಇರಬಹುದು ಎಂದು ಅಣ್ಣನನ್ನೂ ಕರೆತರಲು ಹೇಳಿದರು. ಎರಡು ತಿಂಗಳೊಳಗೆ ಅವನಿಗೂ ಇದೇ ತೊಂದರೆ ಎಂದು ಗೊತ್ತಾಯಿತು. ಇಷ್ಟು ವರ್ಷ ಬೆಂಕಿಯ ಮೇಲೆ ಹಾಕಿದ ತಪ್ಪು ಬೆಂಕಿಯದ್ದಾಗಿರಲಿಲ್ಲ. ಅವನಿಗೂ ಅದೇ ಮಾತ್ರೆ ಶುರುವಾಯಿತು. ಅವನ ಕಿಡ್ನಿ ಸ್ವಲ್ಪ ಬಲಹೀನವಾಗಿದ್ದರಿಂದ ಅವನಿಗೆ ಸಣ್ಣ ಡೋಸು. ಹೆಚ್ಚು ಕಮ್ಮಿಯಾದರೆ ಪೊಟ್ಯಾಸಿಯಂ ಏರಿ ಹೃದಯಕ್ಕೇ ಪೆಟ್ಟು ಬೀಳಬಹುದು ಎಂದು ಡಾಕ್ಟರಮ್ಮ ನನಗೆ ಎರಡು ಸಲ ಹೇಳಿದ್ದರು.

ನಾಲ್ಕು ತಿಂಗಳು ನಾನು ನಿಯತ್ತಾಗಿ ನುಂಗಿದೆ. ಕಾಲಿಗೆ ಬಲ ಬಂತು. ಕೊಪ್ಪರಿಗೆ ಇಳಿಸುವಾಗ ತೋಳು ನಡುಗುವುದು ನಿಂತಿತು. ಬಿಪಿ ಇಳಿಯಿತು. ಅಷ್ಟರಲ್ಲಿ ಎದೆಯ ಎರಡೂ ಕಡೆ ನೋವು ಶುರುವಾಯಿತು. ಪಾಣಿಪಂಚೆ ತಗುಲಿದರೂ ಚುರ್ ಎನ್ನುತ್ತಿತ್ತು. ಆಮೇಲೆ ಊದಿತು. ಸ್ನಾನದ ಮನೆಯಲ್ಲಿ ಬಗ್ಗಿ ನೋಡಿಕೊಂಡೆ. ಹದಿನಾಲ್ಕರ ಹುಡುಗಿಯ ಮೈ ನಲವತ್ತಾರರ ಗಂಡಸಿಗೆ ಬಂದ ಹಾಗಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ.

ಕೆಲಸಕ್ಕೆ ಅಂಗಿ ಹಾಕಿಕೊಂಡು ಹೋಗತೊಡಗಿದೆ. ಕೇಳಿದವರಿಗೆ ನೆಗಡಿ ಎಂದೆ, ಕೆಮ್ಮು ಎಂದೆ, ಎಣ್ಣೆ ಸಿಡಿಯುತ್ತದೆ ಎಂದೆ. ಮೂವತ್ತು ವರ್ಷದಿಂದ ಸಿಡಿಯದ ಎಣ್ಣೆ ಈಗ ಸಿಡಿಯುತ್ತಿತ್ತು. ಮನೆಯಲ್ಲೂ ಅಂಗಿ ಬಿಚ್ಚಲಿಲ್ಲ. ಹೆಂಡತಿ ಏನೋ ಕೇಳಲು ಬಂದರೆ ಸಿಡುಕಿ ಕಳಿಸುತ್ತಿದ್ದೆ.

ರಾಜಾನುಕುಂಟೆಯ ಆಚೆಗಿನ ಒಂದು ಮಂಟಪದಲ್ಲಿ ಉಪನಯನದ ಅಡುಗೆ. ವಟುವಿನ ಅಜ್ಜಿ ತುಂಬಾ ಮಡಿಯವರು, ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನನ್ನನ್ನು ನೋಡಿ, "ಏನ್ರೀ ಭಟ್ರೇ, ಮಡಿ ಅಡುಗೆಗೆ ಅಂಗಿ ಹಾಕ್ಕೊಂಡ್ ನಿಂತಿದೀರಲ್ಲ" ಎಂದರು.

"ಸ್ವಲ್ಪ ಚಳಿ ಅಮ್ಮ."

"ಒಲೆ ಮುಂದೆ ಎಂಥ ಚಳಿ? ನೈವೇದ್ಯಕ್ಕಾಗೋ ಅಡುಗೆ ಇದು. ಬಿಚ್ಚಿಟ್ಟು ಕೈ ಕಾಲು ತೊಳ್ಕೊಂಡ್ ಬನ್ನಿ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಅಪ್ಪನಿದ್ದರೂ ಅದನ್ನೇ ಹೇಳುತ್ತಿದ್ದ. ಬೇರೆ ಯಾರಾದರೂ ಅಂಗಿ ಹಾಕಿ ನಿಂತಿದ್ದರೆ ನಾನೇ ಗದರುತ್ತಿದ್ದೆ. ಬಿಚ್ಚಿದೆ. ಪಾಣಿಪಂಚೆಯನ್ನು ಎದೆಯ ಮೇಲೆ ಹರಡಿಕೊಂಡೆ, ಸೌಟು ತಿರುವುವಾಗ ಅದು ನಿಲ್ಲುತ್ತದೆಯೇ. ಬಡಿಸುವವರಲ್ಲಿ ಒಬ್ಬ, ವರ್ಷಗಳಿಂದ ನಮ್ಮ ಜೊತೆ ಇರುವವನು, ಬೇಳೆಯ ಬಕೆಟ್ಟು ತುಂಬಿಸಿಕೊಳ್ಳಲು ಬಂದು ನನ್ನನ್ನೇ ಒಂದು ಗಳಿಗೆ ನೋಡಿದ.

"ಏನಣ್ಣ, ಸೀಮಂತದ ಊಟಗಳು ಮೈಗೆ ಹತ್ತಿಬಿಟ್ಟಿವೆ," ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಅವತ್ತು ಬೆಳಗ್ಗೆ ಹೊರಡುವ ಅವಸರದಲ್ಲಿ ಹೆಂಡತಿ ಕಾಗದದಲ್ಲಿ ಕಟ್ಟಿಕೊಟ್ಟಿದ್ದ ಮಾತ್ರೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದೆ. ಮಧ್ಯಾಹ್ನ ಅನ್ನದ ಗಂಜಿ ಬಸಿಯುವ ಮೋರಿಯ ಹತ್ತಿರ ನಿಂತು ಅದನ್ನು ಅಲ್ಲಿಗೆ ಬಿಟ್ಟೆ. ಬಿಸಿ ಗಂಜಿಯ ಜೊತೆ ಹೋಯಿತು. ಒಂದು ದಿನ ಬಿಟ್ಟರೆ ಏನಾಗುತ್ತದೆ ಎಂದುಕೊಂಡೆ.

ಎಂಟು ತಿಂಗಳು ಬಿಟ್ಟೆ.

ಹೆಂಡತಿ ದಿನಾ ಬೆಳಗ್ಗೆ ಅಂಗೈಗೆ ಮಾತ್ರೆಗಳನ್ನು ಹಾಕಿ ನೀರು ಕೊಡುತ್ತಿದ್ದಳು. ಉಳಿದವನ್ನು ನುಂಗಿ ಇದೊಂದನ್ನು ಬೆರಳ ಸಂದಿಯಲ್ಲಿ ಉಳಿಸಿಕೊಳ್ಳುವುದನ್ನು ಕಲಿತೆ. ಊತ ಎರಡು ಮೂರು ತಿಂಗಳಲ್ಲಿ ಇಳಿಯಿತು. ಅಂಗಿ ಬಿಚ್ಚಿ ಒಲೆ ಮುಂದೆ ನಿಂತ ದಿನ ಹಬ್ಬದ ಹಾಗಿತ್ತು. ಬೇರೆ ಮಾತ್ರೆಗಳು ಇದ್ದುದರಿಂದ ಬಿಪಿ ನಂಬರು ತೀರಾ ಏರಲಿಲ್ಲ. ರಕ್ತ ಪರೀಕ್ಷೆಗೆ ಹತ್ತು ಹನ್ನೆರಡು ದಿನ ಇರುವಾಗ ಮಾತ್ರೆ ನುಂಗುತ್ತಿದ್ದೆ, ಜೊತೆಗೆ ಎಳನೀರು ಕುಡಿಯುತ್ತಿದ್ದೆ. ಪೊಟ್ಯಾಸಿಯಂ ಹೇಗೋ ಗಡಿ ಮುಟ್ಟುತ್ತಿತ್ತು. ಡಾಕ್ಟರಮ್ಮ "ಪರವಾಗಿಲ್ಲ" ಎನ್ನುತ್ತಿದ್ದರು. ಅವರಿಗೆ ಮೋಸ ಮಾಡಿದೆ ಎಂಬ ಸಂತೋಷ ಆಸ್ಪತ್ರೆಯ ಗೇಟು ದಾಟುವ ತನಕ ಇರುತ್ತಿತ್ತು.

ಆಮೇಲೆ ಹೆದರಿಕೆ. ಮೊದಲಿಗಿಂತ ಎರಡರಷ್ಟು. ಮೊದಲು ಬೆಳಗ್ಗೆ ಒಂದು ಸಲ ಮುಷ್ಟಿ ಕಟ್ಟಿ ನೋಡುತ್ತಿದ್ದವನು ಈಗ ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ, ಪೂರಿ ಕರಿಯುವಾಗಲೂ ನೋಡುತ್ತಿದ್ದೆ. ಅಣ್ಣನಿಗೆ ಸ್ನಾನ ಮಾಡಿಸುವಾಗ ಆ ಬಲಗೈ ಎತ್ತಿ ಸೋಪು ಹಚ್ಚಬೇಕು. ಅದಕ್ಕೆ ಎಷ್ಟು ಭಾರ ಎಂದು ಹೊತ್ತವರಿಗೇ ಗೊತ್ತು. ಹಚ್ಚುತ್ತಾ ಹಚ್ಚುತ್ತಾ, ನಾಳೆಯಿಂದ ನುಂಗುತ್ತೇನೆ ಎಂದುಕೊಳ್ಳುತ್ತಿದ್ದೆ. ನಾಳೆ ಯಾವುದೋ ಮದುವೆ ಇರುತ್ತಿತ್ತು, ಆ ನಗು ಕಿವಿಗೆ ಬೀಳುತ್ತಿತ್ತು. ಡಾಕ್ಟರಮ್ಮನಿಗೆ ಹೇಳಲು ಒಂದು ನಿಮಿಷ ಸಾಕಾಗಿತ್ತು. ಹೆಣ್ಣುಮಗಳು, ಎದುರಿಗೆ ಹೆಂಡತಿ ಬೇರೆ, ಹೇಗೆ ಹೇಳುವುದು ಎಂಬುದೇ ನನಗೆ ಪ್ರಾಣಕ್ಕಿಂತ ದೊಡ್ಡದಾಗಿತ್ತು.

ವರ್ಷವಾಯಿತು. ರಕ್ತನಾಳದ ಪರೀಕ್ಷೆಗೆ ಕರೆ ಬಂತು. ಎಂದಿನಂತೆ ಹತ್ತು ದಿನ ಮೊದಲೇ ಮಾತ್ರೆ ಶುರು ಮಾಡಿದೆ, ಎಳನೀರು ಕುಡಿದೆ. ಆ ಬೆಳಗ್ಗೆ ಹೆಬ್ಬಾಳದ ಮೇಲ್ಸೇತುವೆ ಹತ್ತಿರ ಬಸ್ಸು ಮುಕ್ಕಾಲು ಗಂಟೆ ನಿಂತಲ್ಲೇ ನಿಂತಿತ್ತು. ಹೆಂಡತಿ, "ಈ ಸಲ ಚೆನ್ನಾಗಿ ಬರತ್ತೆ ನೋಡ್ರೀ, ಒಂದು ದಿನಾನೂ ತಪ್ಪಿಸಿಲ್ಲ" ಎಂದಳು. ಇವತ್ತು ಈ ಬಸ್ಸು ಅಲ್ಲಿಗೆ ಮುಟ್ಟದಿದ್ದರೆ ಸಾಕು ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಮುಟ್ಟಿತು. ಮಲಗಿಸಿದರು. ಪಟ್ಟಿ ಬಿಗಿದರು. ಐದು ನಿಮಿಷ ಎಂದರೆ ಎಷ್ಟು ಉದ್ದ ಎಂದು ಪಟ್ಟಿಯೊಳಗೆ ಕೈ ಇಟ್ಟವರಿಗೆ ತಿಳಿಯುತ್ತದೆ. ಮೊದಲು ಜೋಮು, ಆಮೇಲೆ ಕೈ ತಣ್ಣಗೆ, ಆಮೇಲೆ ಅದು ನನ್ನದೇ ಅಲ್ಲವೆಂಬ ಹಾಗೆ. ಅಣ್ಣನಿಗೆ ಸದಾ ಹೀಗೇ ಇರುತ್ತದೆಯೇ ಎಂದು ಯೋಚನೆ ಬಂತು. ಪಟ್ಟಿ ಬಿಟ್ಟರು. ಪರದೆಯ ಮೇಲೆ ಎರಡು ಬಿಳಿ ಗೆರೆಗಳು, ನಡುವೆ ಕಪ್ಪು. ಗೆರೆಗಳು ದೂರ ಸರಿಯಬೇಕು. ನಾನು ಕಣ್ಣು ಕೀಳದೆ ನೋಡಿದೆ. ಅವು ಅಲ್ಲಾಡಲಿಲ್ಲ. ಹತ್ತು ದಿನದ ಮಾತ್ರೆಯಿಂದ ರಕ್ತವನ್ನು ಒಪ್ಪಿಸಿದ್ದೆ, ಆ ಗೋಡೆಯನ್ನು ಒಪ್ಪಿಸಲಾಗಲಿಲ್ಲ.

ಡಾಕ್ಟರಮ್ಮ ಹಳೆಯ ವರದಿ, ಹೊಸ ವರದಿ ಎರಡನ್ನೂ ಮುಂದಿಟ್ಟುಕೊಂಡು ಹೋಲಿಸಿ ನೋಡಿದರು.

"ಸುಧಾರಿಸ್ಬೇಕಿತ್ತು. ಕಳೆದ ವರ್ಷಕ್ಕಿಂತ ಸ್ವಲ್ಪ ಹಿಂದೇನೇ ಹೋಗಿದೆ. ನಿಮಗೆ ಈ ಡೋಸ್ ಸಾಲ್ತಿಲ್ಲ ಅನ್ಸತ್ತೆ. ಎರಡರಷ್ಟು ಮಾಡೋಣ," ಎಂದರು. ನಾನು ತಲೆಯಾಡಿಸಿದೆ. ಎರಡರಷ್ಟಾದರೂ ಮೋರಿಗೇ ಹೋಗುವುದು ಎಂದು ಆ ಹೊತ್ತಿನಲ್ಲೂ ನನ್ನ ದರಿದ್ರ ಮನಸ್ಸು ಲೆಕ್ಕ ಹಾಕಿತು. ಅವರು ಅಣ್ಣನ ಫೈಲು ತೆಗೆದರು. "ನಿಮ್ಮಣ್ಣನ ಬಿಪಿನೂ ನಾವು ಅಂದ್ಕೊಂಡಷ್ಟು ಇಳಿದಿಲ್ಲ. ಕಿಡ್ನಿ ವೀಕ್ ಇದೆ ಅಂತ ಏರಿಸೋಕೆ ಹೆದರ್ತಿದ್ದೆ. ನಿಮ್ಮಲ್ಲೇ ಈ ಡೋಸ್ ಕೆಲಸ ಮಾಡಿಲ್ಲ ಅಂದ್ಮೇಲೆ ಅವರಿಗೂ ಸಣ್ಣ ಡೋಸ್ ಸಾಕಾಗಲ್ಲ. ವಾರವಾರ ರಕ್ತ ನೋಡ್ಕೊಂಡು ಸ್ವಲ್ಪ ಏರಿಸೋಣ."

ಪೆನ್ನು ತೆಗೆದು ಬರೆಯಲು ಶುರು ಮಾಡಿದರು. ಇಷ್ಟು ದಿನ ನನ್ನ ಸುಳ್ಳು ನನ್ನ ನಾಳಗಳನ್ನು ಮಾತ್ರ ತಿನ್ನುತ್ತಿದೆ ಎಂದುಕೊಂಡಿದ್ದೆ.

"ನಾನು ಮಾತ್ರೆ ತಗೊಂಡಿಲ್ಲ," ಎಂದೆ.

ಪೆನ್ನು ನಿಂತಿತು. "ಎಷ್ಟು ದಿನದಿಂದ?"

"ಎಂಟು ತಿಂಗಳು."

ಹೆಂಡತಿ ನನ್ನ ಕಡೆ ತಿರುಗಿದಳು. ನಾನು ನೆಲ ನೋಡುತ್ತಾ ಎಲ್ಲವನ್ನೂ ಹೇಳಿದೆ. ಎದೆ, ಅಂಗಿ, ಅಜ್ಜಿ, ನಗು, ಮೋರಿ, ಎಳನೀರು. ಹೇಳಿ ಮುಗಿಸಿದಾಗ ಡಾಕ್ಟರಮ್ಮ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಊತ ಬಂದ್ರೆ ಹೇಳಿ ಅಂದಿದ್ದೆ ಅಲ್ವಾ," ಎಂದರು. "ಇದೇ ಕೆಲಸ ಮಾಡೋ ಇನ್ನೊಂದು ಮಾತ್ರೆ ಇದೆ. ಅದರಲ್ಲಿ ಈ ತೊಂದರೆ ಬಹಳ ಕಡಿಮೆ. ನೀವು ಹೇಳಿದ್ರೆ ಅವತ್ತೇ ಬದಲಾಯಿಸ್ತಿದ್ದೆ."

ಹಾಗೆಂದರೆ ನಾನು ಎಂಟು ತಿಂಗಳು ಹೆದರಿ ಸತ್ತದ್ದು ಯಾವುದಕ್ಕೂ ಅಲ್ಲ. ಆದ ಹಾನಿ ಸರಿಹೋಗುತ್ತದೆಯೇ ಎಂದು ಕೇಳಿದೆ. ಹೊಸ ಮಾತ್ರೆ ಬರೆದುಕೊಡುತ್ತಾ, "ಪ್ರಾಮಿಸ್ ಮಾಡೋಕಾಗಲ್ಲ. ಇವತ್ತಿಂದ ಸರಿಯಾಗಿ ತಗೊಳ್ಳಿ, ಮುಂದಿನ ವರ್ಷ ನೋಡೋಣ" ಎಂದರು. ಅಣ್ಣನ ಡೋಸು ಏರಿಸುವುದನ್ನು ಹೊಡೆದು ಹಾಕಿದರು. ಅವನನ್ನೂ ಒಮ್ಮೆ ಕೇಳಿ, ಅವನಿಗೂ ಎದೆ ನೋವಿದ್ದರೆ ತಿಳಿಸಿ ಎಂದರು.

ವಾಪಸು ಬರುವಾಗ ಹೆಂಡತಿ ಕಿಟಕಿ ಪಕ್ಕ ಕೂತಿದ್ದಳು. ಕೊಡಿಗೇಹಳ್ಳಿ ದಾಟಿದ ಮೇಲೆ, "ದಿನಾ ನನ್ ಕೈಯಿಂದ ಇಸ್ಕೊಂಡು ಎಸೀತಿದ್ರಿ" ಎಂದಳು. ಊದಿದ್ದರ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ. ಅವಳಿಗೆ ನೋವಾದದ್ದು ಅದಕ್ಕಲ್ಲ. ಇಳಿಯುವ ಮುಂಚೆ, "ಭಾವನಿಗೆ ನೀವೇ ಹೇಳಿ. ನಾನ್ ಹೇಳಲ್ಲ" ಎಂದಳು.

ಅಣ್ಣ ಊಟ ಮುಗಿಸಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಕೂತು, ಅವನ ಮುಖ ನೋಡದೆ, ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದೆ. ಅವನ ಮಾತು ಈಗ ನಿಧಾನ, ಒಂದೊಂದು ಶಬ್ದಕ್ಕೂ ಕಾಯಬೇಕು. ಅವನು ಎಡಗೈಯಿಂದ ತನ್ನ ಬನಿಯನ್ ಹಿಡಿದು ಕತ್ತಿನ ತನಕ ಎತ್ತಿದ. ಎರಡು ತಿಂಗಳಿಂದ ಸ್ನಾನಕ್ಕೂ ಅವನು ಬನಿಯನ್ ಬಿಚ್ಚಲು ಬಿಡುತ್ತಿರಲಿಲ್ಲ. ಅದು ಕಾಯಿಲೆಯವರ ಹಟ ಎಂದುಕೊಂಡು ನಾನು ಬಟ್ಟೆಯ ಮೇಲೆಯೇ ನೀರು ಹುಯ್ದು ಮುಗಿಸುತ್ತಿದ್ದೆ. ಎರಡೂ ಕಡೆ ಊದಿತ್ತು. ನನಗೆ ಆಗಿದ್ದಕ್ಕಿಂತ ಹೆಚ್ಚು.

"ನೋವಿದೆಯಾ?"

"ಹೂಂ."

"ಮತ್ತೆ ಯಾಕಣ್ಣ ಹೇಳ್ಲಿಲ್ಲ?"

ಅವನು ಶಬ್ದಗಳನ್ನು ಒಂದೊಂದಾಗಿ ಹುಡುಕಿಕೊಂಡ. "ಹೇಳಿದ್ರೆ... ನೀನ್ ಹೆದರ್ಕೊಂಡು ಮಾತ್ರೆ ಬಿಟ್ಬಿಡ್ತೀಯ ಅಂತ. ನಂದಂತೂ ಹೋಯ್ತು. ನಿನ್ ಕೈ ಉಳೀಲಿ ಅಂತ ಸುಮ್ನೆ ನುಂಗ್ತಿದ್ದೆ ಕಣೋ."

ನಾನು ಅವನ ಬನಿಯನ್ ಕೆಳಗೆಳೆದು ಸರಿಮಾಡಿದೆ.